ಕುಡಗೋಲಿನ ಫೋಟೋ

"ನಗವಾ ತಂಗಿ, ಸ್ವಲ್ಪರೆ ನಗು."

ಬೆಳಗಿನಿಂದ ಈ ಮಾತನ್ನು ಮಹಾಬಳೇಶ್ವರ ಅದೆಷ್ಟು ಸಲ ಹೇಳಿದ್ದನೋ, ಅವನ ಬಾಯಲ್ಲೇ ಅದು ಹಳಸಿಹೋಗಿತ್ತು. ಹುಡುಗಿ ನಗಲಿಲ್ಲ. ನಗು ಹಾಳಾಗಲಿ, ಮುಖವನ್ನೇ ಎತ್ತಲಿಲ್ಲ. ಪಕ್ಕದಲ್ಲಿ ನಿಂತ ಹುಡುಗನೋ, ಇಬ್ಬರ ಪಾಲಿನದನ್ನೂ ತಾನೇ ನಗುವವನಂತೆ ಹಲ್ಲು ಬಿಟ್ಟುಕೊಂಡು ನಿಂತಿದ್ದ.

ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದೆ ಮಹಾಬಳೇಶ್ವರನ ಸ್ಟುಡಿಯೋ. ಹದಿನೈದು ವರ್ಷದ ಹಿಂದೆ ಅವನು ಕ್ಯಾಮೆರಾ ಹಿಡಿದಾಗ ಮದುವೆಯ ಫೋಟೋ ಎಂದರೆ ಮದುವೆಯ ದಿನದ ಫೋಟೋ. ಹಾರ ಹಾಕುವಾಗ ಒಂದು, ಅಕ್ಷತೆ ಬೀಳುವಾಗ ಒಂದು, ಪಂಕ್ತಿಯಲ್ಲಿ ಬಾಯಿ ತುಂಬ ಹೋಳಿಗೆ ತುಂಬಿಕೊಂಡ ಬೀಗರದು ನಾಲ್ಕು. ಅಲ್ಲಿಗೆ ಮುಗಿಯಿತು. ಈಗ ಕಾಲ ಬದಲಾಗಿದೆ. ನಿಶ್ಚಯವಾದ ಹುಡುಗ ಹುಡುಗಿ ಮದುವೆಗೆ ಮೊದಲೇ ಕಾಡು, ಹೊಳೆ, ಸೇತುವೆ ಎಂದು ಅಲೆದು, ಕೈ ಕೈ ಹಿಡಿದು ಓಡಿ, ಮರ ಸುತ್ತಿ, ಬಲೂನು ಹಾರಿಸಿ ಫೋಟೋ ತೆಗೆಸಿಕೊಳ್ಳಬೇಕು. ಇದಕ್ಕೆ ಪ್ರಿ-ವೆಡ್ಡಿಂಗ್ ಅಂತ ಹೆಸರು. ಒಬ್ಬರನ್ನೊಬ್ಬರು ಸರಿಯಾಗಿ ಮೂರು ಸಲ ನೋಡಿರುವುದಿಲ್ಲ. ಹುಟ್ಟಿದಾಗಿನಿಂದ ಪ್ರೀತಿಸಿದವರಂತೆ ಅವರನ್ನು ತೋರಿಸುವ ಹೊಣೆ ಮಾತ್ರ ಫೋಟೋದವನದು. ಮದುವೆಯ ದಿನ ಮಂಟಪದ ಪಕ್ಕದ ದೊಡ್ಡ ಪರದೆಯ ಮೇಲೆ ಅದು ಓಡುತ್ತದೆ. ಬಂದವರು ಐಸ್‌ಕ್ರೀಮ್ ತಿನ್ನುತ್ತ ನೋಡುತ್ತಾರೆ, ಮರೆಯುತ್ತಾರೆ.

ಈ ಕೆಲಸ ಅವನಿಗೆ ಸಾಕುಸಾಕಾಗಿತ್ತು. ಒಂದೇ ಒಂದು ನಿಜವಾದ ಮುಖ ತನ್ನ ಕ್ಯಾಮೆರಾಕ್ಕೆ ಬಿದ್ದು ಎಷ್ಟು ವರ್ಷವಾಯಿತೆಂದು ಅವನಿಗೇ ನೆನಪಿರಲಿಲ್ಲ.

ಇವತ್ತಿನ ಹುಡುಗ ವಿಠ್ಠಲ. ಅವನಪ್ಪ ಬೆಳಗಾವಿ ಕಡೆಯಿಂದ ದಾಂಡೇಲಿಯ ಪೇಪರ್ ಮಿಲ್ಲಿಗೆ ದುಡಿಯಲು ಬಂದವರು. ಅಪ್ಪನ ಹಿಂದೆ ಮಗನೂ ಮಿಲ್ಲು ಸೇರಿ ಹೋದ ವರ್ಷವಷ್ಟೇ ಕಾಯಂ ಆಗಿದ್ದ. ಹುಡುಗಿ ನೀಲಾ, ಮುಂಡಗೋಡ ತಾಲೂಕಿನ ಚಿಗಳ್ಳಿ ಕಡೆಯವಳು. ಅಪ್ಪ ಇಲ್ಲದ ಹುಡುಗಿ. ಮದುವೆ ಗೊತ್ತುಮಾಡಿದವನು ಅವಳ ಕಾಕಾ ತುಳಜಪ್ಪ. ಇವತ್ತು ಕಾವಲಿಗೂ ಅವನೇ ಬಂದಿದ್ದ. ಕಾವಲು ಎಂದರೆ ಕಾರಿನ ಬಾಗಿಲು ತೆರೆದು ಕೂತು, ಹುಡುಗ ಹುಡುಗಿಯ ನಡುವಿನ ಅಂತರ ಗೇಣಿಗಿಂತ ಕಡಿಮೆಯಾದಾಗಲೆಲ್ಲ ಕೆಮ್ಮುವುದು.

ಬೆಳಗ್ಗೆ ಕುಳಗಿಯ ಕಾಡಿನ ರಸ್ತೆಯಲ್ಲಿ ಶುರುವಾದದ್ದು. ವಿಠ್ಠಲ ಮೊಬೈಲಿನ ತುಂಬ ಬೇರೆಯವರ ವಿಡಿಯೋ ತುಂಬಿಕೊಂಡು ಬಂದಿದ್ದ. ಒಂದೊಂದನ್ನೂ ಮಹಾಬಳೇಶ್ವರನ ಮೂಗಿಗೆ ಹಿಡಿದು, "ಸರ, ಸೇಮ್ ಹಿಂಗ ಬರಬೇಕ್ರಿ" ಎನ್ನುತ್ತಿದ್ದ. ಬಾಡಿಗೆಗೆ ತಂದ ಕೆಂಪು ಗೌನಿಗೆ ತೋಳಿರಲಿಲ್ಲ. ನೀಲಾ ಅದನ್ನು ಮುಟ್ಟಲಿಲ್ಲ.

"ತೋಳ ಮುಚ್ಚಬೇಕ್ರಿ," ಎಂದಳು. ಅಷ್ಟೇ. ಯಾಕೆ ಎಂದರೆ ಬಾಯಿಗೆ ಬೀಗ.

ಬಿಸಿಲು ನೆತ್ತಿಗೇರುವ ಹೊತ್ತಿಗೂ ಅವಳು ತನ್ನ ಉದ್ದ ತೋಳಿನ ಚೂಡಿದಾರದಲ್ಲೇ ಗೋಡೆಗೆ ಆನಿಸಿಟ್ಟ ಹಲಗೆಯಂತೆ ನಿಂತಿದ್ದಳು. ನಲವತ್ತು ಫೋಟೋದಲ್ಲಿ ಮೂವತ್ತೆಂಟನ್ನು ವಿಠ್ಠಲ ಬೇಡವೆಂದ. ಬೇಡವೆಂದದ್ದನ್ನು ಮಹಾಬಳೇಶ್ವರ ಅಲ್ಲೇ, ಅವರ ಕಣ್ಣೆದುರೇ ಅಳಿಸಿಹಾಕುತ್ತಿದ್ದ. ಅದು ಅವನ ಪದ್ಧತಿ. ಎರಡು ವರ್ಷದ ಹಿಂದೆ ಹಳಿಯಾಳದ ಮದುಮಗಳೊಬ್ಬಳ ಅರ್ಧ ಕಣ್ಣು ಮುಚ್ಚಿದ, ಬಾಯಿ ತೆರೆದ ಫೋಟೋ ಅವನ ಸ್ಟುಡಿಯೋದಿಂದ ಅದು ಹೇಗೋ ಹೊರಬಿದ್ದು, ಬೀಗರ ವಾಟ್ಸಾಪ್ ಗುಂಪಿನಲ್ಲೆಲ್ಲ ತಿರುಗಿ, ಮದುವೆಮನೆಯಲ್ಲಿ ಅವನ ಕೊರಳಪಟ್ಟಿ ಹಿಡಿಯುವವರೆಗೆ ಹೋಗಿತ್ತು. ಅಂದಿನಿಂದ ಕಿವಿ ಹಿಂಡಿಕೊಂಡಿದ್ದ. ಬೇಡ ಅಂದರೆ ಬೇಡ, ಆಗಿಂದಾಗಲೇ ಡಿಲೀಟ್.

ಮಧ್ಯಾಹ್ನ ಹಳಿಯಾಳ ದಾಟಿ ಮುಂಡಗೋಡದ ಟಿಬೆಟನ್ ಕಾಲೊನಿಗೆ ಬಂದರು. ಅದು ವಿಠ್ಠಲನ ಹಟ. ಹೊಳೆ, ಡ್ಯಾಮು, ಕಾಡು ಎಲ್ಲ ಗೆಳೆಯರದಾಗಿತ್ತು. ಇವನಿಗೆ ಬಣ್ಣದ ಬಾವುಟ, ಬಂಗಾರದ ಕಳಸದ ಗುಡಿ, "ಲಡಾಖ ಹಂಗ" ಕಾಣುವ ಜಾಗ ಬೇಕಿತ್ತು. ನಾಲ್ಕು ದಿನದ ಹಿಂದೆ ನೀಲಾ ತಾನೇ ಸ್ಟುಡಿಯೋಕ್ಕೆ ಫೋನು ಮಾಡಿದ್ದಳು.

"ಅಣ್ಣಾ, ಕಾಲೊನಿ ಒಂದ ಬಿಟ್ಟು ಬ್ಯಾರೆ ಎಲ್ಲರೆ ಮಾಡ್ರಿ."

"ಯಾಕವಾ?"

"ಸುಮ್ನ. ಬ್ಯಾಡ್ರಿ." ಫೋನು ಇಟ್ಟುಬಿಟ್ಟಿದ್ದಳು. ಇಂಥ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಮಹಾಬಳೇಶ್ವರ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಕಾಲೊನಿಯಲ್ಲಿ ಕಾರಿಳಿದವಳನ್ನು ನೋಡಿ ಅವನ ಪಿತ್ತ ನೆತ್ತಿಗೇರಿತು. ಕಣ್ಣಿಗೆ ಅಂಗೈಯಗಲದ ಕಪ್ಪು ಕನ್ನಡಕ, ತಲೆಯಿಂದ ಗದ್ದದವರೆಗೆ ವೇಲು ಸುತ್ತಿಕೊಂಡಿದ್ದಾಳೆ. ಕಾಣುವುದು ಮೂಗಿನ ತುದಿಯೊಂದೇ.

"ತಂಗಿ, ನಾ ಏನು ಮೂಗಿನ ಫೋಟೋ ತಗೀಲೇನು? ಬಿಚ್ಚು ಅದನ್ನ!"

"ಬಿಸಲ ಐತ್ರಿ."

"ಹೌದ್ರಿ ಫೋಟೋದವರ, ಅಕಿ ಬಿಸಲ ಕಂಡಾಕಿ ಅಲ್ಲ," ತುಳಜಪ್ಪ ಕಾರಿನಿಂದಲೇ ಕೂಗಿದ. "ಮನಿ ಬಿಟ್ಟು ಹೊರಗ ಕಾಲಿಟ್ಟಿಲ್ಲ ನಮ್ಮ ಹುಡುಗಿ."

ಬಾವುಟಗಳ ಕೆಳಗೆ ನಿಲ್ಲಿಸಿದರೆ ಬೆನ್ನು ತಿರುಗಿಸಿದಳು. ರಸ್ತೆಯಲ್ಲಿ ನಡೆಸಿದರೆ ಯಾರಾದರೂ ಎದುರು ಬಂದ ಕೂಡಲೇ ವಿಠ್ಠಲನ ಹಿಂದೆ ಅಡಗಿದಳು. ವಿಠ್ಠಲನಿಗೆ ಅದು ನಾಚಿಕೆಯೆಂದು ಕಂಡು ಖುಷಿಯೋ ಖುಷಿ. ಮಹಾಬಳೇಶ್ವರ ಹಲ್ಲು ಕಡಿದುಕೊಂಡು ಬಟನ್ ಒತ್ತಿದ. ಅದರಲ್ಲಿ ಒಂದೂ ಕೆಲಸಕ್ಕೆ ಬರುವಂಥದ್ದಲ್ಲ ಎಂದು ಒತ್ತುವಾಗಲೇ ಅವನಿಗೆ ಗೊತ್ತಿತ್ತು.

ನಾಲ್ಕು ಗಂಟೆಗೆ ವಿಠ್ಠಲ ಬಟ್ಟೆ ಬದಲಿಸಿ ಬರುತ್ತೇನೆಂದು ಕಾರು ತೆಗೆದುಕೊಂಡು ಹತ್ತಿರದ ಹೋಟೆಲಿಗೆ ಹೋದ. ಚಹಾದ ಆಸೆಗೆ ತುಳಜಪ್ಪನೂ ಅವನ ಜೊತೆ ಹೊರಟ. ಕಾಲೊನಿಯ ಅಂಚಿನಲ್ಲಿ, ಗೋವಿನಜೋಳದ ಹೊಲದ ಬದುವಿನ ಮೇಲೆ ಮಹಾಬಳೇಶ್ವರ ಮತ್ತು ನೀಲಾ ಇಬ್ಬರೇ ಉಳಿದರು. ಅಷ್ಟರಲ್ಲಿ ಎದುರಿನ ಮನೆಯಿಂದ ಟಿಬೆಟಿನ ಮುದುಕಿಯೊಬ್ಬಳು, ಕೈಯಲ್ಲಿ ಜಪಮಣಿ ಎಣಿಸುತ್ತ, ಸೀದಾ ನೀಲಾಳ ಹತ್ತಿರವೇ ಬಂದಳು. ವೇಲು, ಕನ್ನಡಕ ಯಾವುದೂ ಅವಳಿಗೆ ಅಡ್ಡಬರಲಿಲ್ಲ.

"ನೀಲಾ! ಎಂಟ ದಿವಸ ಆತು, ನೀ ಯಾಕ ಬರಲಿಲ್ಲ? ನಿಮ್ಮವ್ವ ಒಬ್ಬಾಕಿ ಬರ್ತಾಳ. ನೋಡು, ನನ್ನ ಗೋವಿನಜೋಳ ಹಂಗ ನಿಂತೈತಿ."

ಮುದುಕಿ ಅವಳ ಕನ್ನಡಕ ತೆಗೆದು, ಎರಡೂ ಕೆನ್ನೆ ಹಿಡಿದಳು. ನೀಲಾ ನಕ್ಕಳು. ಬೆಳಗಿನಿಂದ ಅವನು ಬೇಡಿ ಬೇಡಿ ಸೋತ ನಗು ಅದು. ಮಹಾಬಳೇಶ್ವರ ಗಡಬಡಿಸಿ ಕ್ಯಾಮೆರಾ ಎತ್ತುವಷ್ಟರಲ್ಲಿ ಅದು ಮಾಯವಾಗಿತ್ತು. ನೀಲಾ ಮುದುಕಿಯ ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ಒಮ್ಮೆ ಕ್ಯಾಮೆರಾವನ್ನು, ಒಮ್ಮೆ ಇವನನ್ನು ನೋಡಿ, ತುಟಿ ಬಿಗಿದುಕೊಂಡು ಹೋಗಿ ತನ್ನ ಕಟ್ಟೆಯ ಮೇಲೆ ಕೂತಳು.

"ಅಣ್ಣಾ, ಕಾಕಾನ ಮುಂದ ಹೇಳಬ್ಯಾಡ್ರಿ," ನೀಲಾ ಹತ್ತಿರ ಬಂದು ಹೇಳಿದಳು. "ನಾನೂ ನಮ್ಮವ್ವನೂ ಈ ಹೊಲಕ್ಕ ಕೂಲಿಗಿ ಬರ್ತೇವ್ರಿ. ನಾ ಸಾಲ್ಯಾಗ ಎಂಟನೆತ್ತೆ ಇದ್ದಾಗಿಂದ. ಬಿ.ಎ. ಓದಿದ್ದೂ ಇದರ ಮ್ಯಾಲೆ."

"ಅದರಾಗ ಮುಚ್ಚೂದ ಏನೈತಿ?"

"ಕೂಲಿ ಮಾಡೂ ಹೆಣ್ಣ ಬ್ಯಾಡ ಅಂದಿದ್ರು ಹುಡುಗನ ಅವ್ವ. ಕಾಕಾ ಏನಂದ ಗೊತ್ತೇನ್ರಿ? ಕಾಲೊನಿ ಹತ್ರ ನಮ್ಮದ ಹೊಲ ಐತಿ, ಹುಡುಗಿ ಬಿಸಲ ಕಂಡಾಕಿ ಅಲ್ಲ ಅಂದ. ಅವರು ಹೂಂ ಅಂದ್ರು." ಅವಳು ತೋಳು ಮೇಲೆಳೆದಳು. ಮುಂಗೈಯಿಂದ ಮೊಣಕೈವರೆಗೆ ಗೀರು ಗೀರು. ಗೋವಿನಜೋಳದ ಗರಿ ಕೊಯ್ದ ಗೆರೆಗಳು, ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗೆ. "ನಂಗ ಸುಳ್ಳ ಹೇಳಿ ಹೋಗೂದು ಬ್ಯಾಡಾಗೇತ್ರಿ. ಹೇಳಬೇಕಂತೇನಿ, ಬಾಯಿ ಬರವಲ್ಲದು. ನೀವರೆ ಹುಡುಗಗ ಒಂದ ಮಾತ..."

"ಏ, ನನ್ನ ನಡುವ ಎಳೀಬ್ಯಾಡ. ನಾ ಫೋಟೋ ತಗ್ಯಾಂವ, ಹಿರ್ಯಾ ಅಲ್ಲ."

ಅಂದುಬಿಟ್ಟ. ಅಂದದ್ದು ಒರಟಾಯಿತೆಂದು ಅವನಿಗೇ ಗೊತ್ತಾಯಿತು. ಆದರೆ ಸಿಟ್ಟು ಯಾರ ಮೇಲೆಂದು ಗೊತ್ತಾಗಲಿಲ್ಲ. ಅರ್ಧ ದಿನ ಇವಳ ಜೀವ ತಿಂದವನು ತಾನೇ. ನಗು ನಗು ಎಂದು ಬೆನ್ನುಹತ್ತಿದ್ದ, ಅವಳಿಗೋ ತೋಳು ಮುಚ್ಚಿಕೊಳ್ಳುವುದೇ ಸಾಕಾಗಿಹೋಗಿತ್ತು. ನಾಲ್ಕು ದಿನದ ಹಿಂದೆ ಫೋನಿನಲ್ಲಿ ಇನ್ನೊಂದು ಮಾತು ಕೇಳಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

ಕಾರು ಬಂತು. ಇಳಿದವನನ್ನು ನೋಡಿ ಮಹಾಬಳೇಶ್ವರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಠ್ಠಲ ಗರಿಗರಿ ಧೋತರ ಉಟ್ಟು, ತಲೆಗೆ ಗುಲಾಬಿ ರುಮಾಲು ಸುತ್ತಿ, ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಒಂದು ಕೈಯಲ್ಲಿ ಇಳಕಲ್ ಸೀರೆ, ಇನ್ನೊಂದು ಕೈಯಲ್ಲಿ ಕುಡಗೋಲು.

"ಸರ, ರೈತ ಥೀಮ್! ಈಗ ಭಾಳ ನಡದೈತ್ರಿ. ಇವರ ಹೊಲಾನೂ ಇಲ್ಲೇ ಎಲ್ಲೋ ಐತಂತ. ನೀಲಾ ಗೋವಿನಜೋಳ ಕೊಯ್ಯಾಕತ್ತಿರತಾಳ, ನಾ ಹಿಂದಿಂದ ಬಂದು ಕೈ ಹಿಡೀತೇನಿ. ಹೆಂಗ?"

ತುಳಜಪ್ಪ ಕೆಮ್ಮಿದ. ಈ ಸಲದ ಕೆಮ್ಮು ಬೇರೆ ತರದ್ದಾಗಿತ್ತು. ನೀಲಾ ಮುದುಕಿಯ ಮನೆಯೊಳಗೆ ಹೋಗಿ, ಚೀಲದಲ್ಲಿ ತಂದಿದ್ದ ತನ್ನದೇ ಉದ್ದ ತೋಳಿನ ಕುಪ್ಪಸದ ಮೇಲೆ ಸೀರೆ ಉಟ್ಟು ಬಂದಳು. ಬಂದವಳು ಮಹಾಬಳೇಶ್ವರನ ಮುಖ ನೋಡಲಿಲ್ಲ.

ಆಮೇಲೆ ನಡೆದದ್ದನ್ನು ಅವನು ತನ್ನ ಹದಿನೈದು ವರ್ಷದಲ್ಲಿ ಕಂಡಿರಲಿಲ್ಲ. ವಿಠ್ಠಲ ಕುಡಗೋಲನ್ನು ಬಾವುಟದಂತೆ ಮೇಲೆತ್ತಿ ಹಿಡಿದು ನೀಲಾಗೆ ಪಾಠ ಹೇಳಿದ. "ಹಿಂಗ ಹಿಡಿ. ಹೆದರಬ್ಯಾಡ. ಹಗೂರಕ ದಂಟಿಗೆ ತಾಗಿಸು, ಕೊಯ್ದಂಗ ಮಾಡು." ನೀಲಾ ತಲೆಯಾಡಿಸಿ ಕುಡಗೋಲು ತೆಗೆದುಕೊಂಡಳು. ಅದು ಅವಳ ಕೈಗೆ ಬಂದ ಕೂಡಲೇ ಬೆರಳು ತಾವಾಗಿಯೇ ಸರಿಯಾದ ಜಾಗದಲ್ಲಿ ಕೂತವು. ಅವಳು ಬೆಚ್ಚಿ, ಒಂದೊಂದೇ ಬೆರಳನ್ನು ಬಿಡಿಸಿ, ತಪ್ಪಾಗಿ ಹಿಡಿದಳು. ತಪ್ಪು ಹಿಡಿಯಲು ಅವಳು ಪಡುತ್ತಿದ್ದ ಪಾಡು ಕ್ಯಾಮೆರಾದ ಕಣ್ಣಿನಲ್ಲಿ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಡಗೈ ತಾನೇ ದಂಟಿನ ಕಡೆ ಚಾಚುತ್ತಿತ್ತು, ಅವಳು ಅದನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

"ಪಾಪ, ಅಕಿಗೆ ಎಲ್ಲಿಂದ ಬರಬೇಕ್ರಿ!" ತುಳಜಪ್ಪ ಬದುವಿನ ಮೇಲಿಂದ ಹೇಳಿದ.

ಒಂದು, ಐದು, ಹನ್ನೆರಡು. ಪ್ರತಿ ಸಲವೂ ವಿಠ್ಠಲ ಹಿಂದಿನಿಂದ ಬಂದು ಕೈ ಹಿಡಿಯುವುದು, ನೀಲಾ ಮುಖ ಗಂಟಿಕ್ಕುವುದು, ತುಳಜಪ್ಪ ಕೆಮ್ಮುವುದು. ಬೆಳಕು ಇಳಿಯುತ್ತಿತ್ತು. ಕಟ್ಟೆಯ ಮೇಲಿನ ಮುದುಕಿ ಜಪ ನಿಲ್ಲಿಸಿ ನೋಡುತ್ತಿದ್ದಳು. ಮಹಾಬಳೇಶ್ವರನ ತಾಳ್ಮೆ ಅಲ್ಲಿಗೆ ಹರಿದುಹೋಯಿತು.

"ವಿಠ್ಠಲವರ, ನೀವು ಸ್ವಲ್ಪ ಈ ಕಡೆ ಬರ್ರಿ. ತಂಗಿ, ಯಾರು ಹೇಳಿಕೊಟ್ಟದ್ದೂ ಬ್ಯಾಡ. ನಿನಗ ತಿಳದಂಗ ಮಾಡು."

ನೀಲಾ ತಲೆ ಎತ್ತಿ ಅವನನ್ನು ನೋಡಿದಳು. ಆಮೇಲೆ ವಿಠ್ಠಲನನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ನಿರಿಗೆ ಎತ್ತಿ ಸಿಕ್ಕಿಸಿ, ಬಾಗಿದಳು. ಎಡಗೈ ದಂಟನ್ನು ತಬ್ಬಿ ವಾಲಿಸಿತು, ಬಲಗೈ ನೆಲಕ್ಕೆ ನಾಲ್ಕು ಬೆರಳು ಬಿಟ್ಟು ಓರೆಯಾಗಿ ಎಳೆಯಿತು. ಕರಕ್. ದಂಟು ಪಕ್ಕಕ್ಕೆ ಬಿತ್ತು. ಕರಕ್, ಕರಕ್. ಅವಳು ನಿಲ್ಲಲಿಲ್ಲ. ಒಂದು ಸಾಲು ಮುಗಿಸಿ, ಹಿಂಗೈಯಿಂದ ಹಣೆಯ ಬೆವರು ಒರೆಸಿ, ಸೀದಾ ವಿಠ್ಠಲನ ಕಡೆಗೆ ಮುಖ ಎತ್ತಿದಳು. ನಗುವಲ್ಲ, ಅಳುವಲ್ಲ. ನೋಡು, ನಾನು ಇದು ಎಂದು ಬಾಯಿ ಬಿಡದೆ ಹೇಳಿದ ಮುಖ. ಮಹಾಬಳೇಶ್ವರ ಒತ್ತಿದ.

ಒತ್ತಿದ ಕ್ಷಣವೇ ಅವನಿಗೆ ಗೊತ್ತಾಯಿತು, ಸಿಕ್ಕಿತು. ಸಂಜೆಯ ಬೆಳಕು, ಹಾರುವ ಧೂಳು, ಹಣೆಯ ಬೆವರು, ಆ ಕೈ, ಆ ಕಣ್ಣು. ತಾನು ತೆಗೆದ ಫೋಟೋಗಳಲ್ಲೇ ಇಂಥದ್ದು ಇನ್ನೊಂದಿಲ್ಲ.

ವಿಠ್ಠಲ ಬಂದು ಪರದೆಯ ಮೇಲೆ ಬಗ್ಗಿದ. ಕನ್ನಡಕ ಹಣೆಗೇರಿಸಿ ನೋಡಿದ. ತುಳಜಪ್ಪ ಬದುವಿನ ಮೇಲೆ ಎದ್ದು ನಿಂತ. ನೀಲಾ ಕುಡಗೋಲು ಹಿಡಿದು ಅಲ್ಲೇ ನಿಂತು ಕಾಯುತ್ತಿದ್ದಳು.

"ಇದು ಬ್ಯಾಡ್ರಿ ಸರ," ವಿಠ್ಠಲ ಮೂಗು ಮುರಿದ. "ಆ್ಯಕ್ಟಿಂಗ್ ಭಾಳ ಆತು. ನ್ಯಾಚುರಲ್ ಕಾಣವಲ್ಲದು."

ಮಹಾಬಳೇಶ್ವರನ ಹೆಬ್ಬೆರಳು ಅಭ್ಯಾಸಬಲದಿಂದ ಬಟನ್ನಿನ ಮೇಲೆ ಹೋಗಿತ್ತು. ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಹೂಂ ಎಂದು ಬೆರಳೇ ಹೇಳಿಬಿಟ್ಟಿತು. ಅವನಿಗೆ ಎಚ್ಚರವಾಗುವಷ್ಟರಲ್ಲಿ ಪರದೆಯ ಮೇಲೆ ಹಿಂದಿನ ಫೋಟೋ ಬಂದು ಕೂತಿತ್ತು. ವಿಠ್ಠಲ ಹಲ್ಲು ಬಿಟ್ಟು ನೀಲಾಳ ಕೈ ಹಿಡಿದದ್ದು.

"ಹಾಂ, ಇದು! ಇದು ನ್ಯಾಚುರಲ್ ಐತಿ ನೋಡ್ರಿ."

ಕ್ಯಾಮೆರಾವನ್ನು ಎತ್ತಿ ಬದುವಿಗೆ ಅಪ್ಪಳಿಸಿಬಿಡಬೇಕು ಎನ್ನಿಸಿತು ಮಹಾಬಳೇಶ್ವರನಿಗೆ. ಅಪ್ಪಳಿಸಲಿಲ್ಲ. ಅದು ಅವನ ಅನ್ನ.

"ಅದು ಆ್ಯಕ್ಟಿಂಗ್ ಅಲ್ರಿ," ನೀಲಾ ಹೇಳಿದಳು.

ವಿಠ್ಠಲ ತಿರುಗಿದ.

"ನಾ ಇದ ಹೊಲದಾಗ ಕೂಲಿ ಮಾಡತೇನ್ರಿ. ನಾನೂ ನಮ್ಮವ್ವನೂ. ಈ ಹೊಲ ನಮ್ಮದಲ್ಲ, ಆ ಅಜ್ಜಿದು. ನಮಗ ಹೊಲ ಇಲ್ಲ."

"ಏ, ಚ್ಯಾಷ್ಟಿ ಮಾಡತಾಳ್ರಿ ಅಕಿ!" ತುಳಜಪ್ಪ ಬದುವಿನಿಂದ ಧಡಧಡ ಇಳಿದು ಬಂದ. "ನೀಲಾ, ಬಾಯಿ ಮುಚ್ಚು!"

ಅವಳು ಮುಚ್ಚಲಿಲ್ಲ. ತೋಳು ಮೇಲೆಳೆದು ಕೈ ಮುಂದೆ ಚಾಚಿದಳು. ವಿಠ್ಠಲ ಆ ಗೀರುಗಳನ್ನು ಬಹಳ ಹೊತ್ತು ನೋಡಿದ. ಬಿದ್ದ ದಂಟುಗಳ ಸಾಲನ್ನು ನೋಡಿದ. ಒಂದೇ ಎತ್ತರಕ್ಕೆ ಕೊಯ್ದ ಕೂಳೆಗಳು ದಾರ ಹಿಡಿದಂತೆ ನಿಂತಿದ್ದವು. ಅವನ ಮುಖದಿಂದ ಬೆಳಗಿನ ಆ ನಗು ಮೊದಲ ಸಲ ಇಳಿದುಹೋಯಿತು.

"ಸರ, ಆ ಫೋಟೋ ಇನ್ನೊಮ್ಮೆ ತೋರಸ್ರಿ."

"ಅಳಸೇನಿ."

"ಅಳಸಿದ್ರಿ? ಯಾಕ ಅಳಸಿದ್ರಿ?"

ಇದಕ್ಕೆ ಏನು ಹೇಳಬೇಕು? ನೀನೇ ಬೇಡವೆಂದೆ, ಮೂರ್ಖ, ಎನ್ನಬೇಕೆ? ಊರಿಗೆ ಹೋಗಿ ಸಾಫ್ಟ್‌ವೇರ್ ಹಾಕಿ ಕೆದಕಿದರೆ ಸಿಕ್ಕರೂ ಸಿಗಬಹುದು. ಆದರೆ ಇವನಿಗೆ ಬೇಕಾದದ್ದು ಈಗ, ಇಲ್ಲಿ. ಹದಿನೈದು ವರ್ಷಕ್ಕೊಮ್ಮೆ ಸಿಕ್ಕದ್ದನ್ನು ತನ್ನ ಕೈಯಾರೆ ಒರೆಸಿಹಾಕಿದ ಮಹಾಬಳೇಶ್ವರ ಕ್ಯಾಮೆರಾದ ಪರದೆಯನ್ನು ಅಂಗಿಯ ತುದಿಯಿಂದ ಉಜ್ಜತೊಡಗಿದ.

"ಫೋಟೋ ಯಾಕ ಬೇಕ್ರಿ?" ನೀಲಾ ಎಂದಳು. "ಹೊಲ ಇಲ್ಲೇ ಐತಿ. ನಾನೂ ಇಲ್ಲೇ ಅದೇನಿ."

ಅವಳು ತಿರುಗಿ ಎರಡನೆಯ ಸಾಲಿಗೆ ಬಾಗಿದಳು. ಕರಕ್, ಕರಕ್. ಯಾರಿಗೂ ತೋರಿಸಲು ಅಲ್ಲ. ಎಂಟು ದಿನದಿಂದ ಮುದುಕಿಯ ಗೋವಿನಜೋಳ ನಿಂತಿತ್ತಲ್ಲ. ತುಳಜಪ್ಪ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕುಸಿದು ಕೂತ. ವಿಠ್ಠಲ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ, ಅವಳ ಬೆನ್ನನ್ನೇ ನೋಡುತ್ತ ನಿಂತ.

"ಅವ್ವ ಕೇಳಿದ್ರ ಏನಂತ ಹೇಳಲಿ?" ಎಂದ ಕೊನೆಗೆ. ದನಿಯಲ್ಲಿ ಸಿಟ್ಟಿತ್ತು, ಹೆದರಿಕೆಯೂ ಇತ್ತು.

ನೀಲಾ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಹುಡುಗಿ ಬಿಸಲ ಕಂಡಾಳ ಅನ್ರಿ."

ಆಮೇಲೆ ವಿಠ್ಠಲ ರುಮಾಲನ್ನು ಬದುವಿಗೆ ಎಸೆದು ಬಗ್ಗಿದ. ಬಿದ್ದ ದಂಟುಗಳನ್ನು ಎರಡೂ ಕೈಯಿಂದ ಬಾಚಿ ಎತ್ತಲು ಹೋದ. ಗರಿಯೊಂದು ಅವನ ಮುಂಗೈ ಸೀಳಿತು. "ಹಾ!" ಎಂದು ಕೈ ಎಳೆದುಕೊಂಡು, ಜಿನುಗಿದ ರಕ್ತವನ್ನು ನೋಡಿದ. ಆಮೇಲೆ ಅವಳ ಕೈಯನ್ನು ನೋಡಿದ. ಮಹಾಬಳೇಶ್ವರ ಒತ್ತಿದ.

ಶಬ್ದ ಕೇಳಿ ವಿಠ್ಠಲ ತಲೆ ಎತ್ತಿದ. "ತೋರಸ್ರಿ ಸರ."

"ಇದನ್ನ ತೋರಸಂಗಿಲ್ಲ," ಎಂದು ಮಹಾಬಳೇಶ್ವರ ಕ್ಯಾಮೆರಾ ಆರಿಸಿ ಚೀಲಕ್ಕೆ ಹಾಕಿದ. "ನೀವು ದಂಟ ಎತ್ತರಿ."